ಏಡಿ ಬಿಲ ಮುಚ್ಚುವ ಕೆಲಸ

ಮಂಡ್ಯ, ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. "ಎಂಟು ತಿಂಗಳಿಂದ ಬರೀ ವೈರು, ಫಿಲ್ಟರು. ಇದರಲ್ಲಿ ಫಿಸಿಕ್ಸ್ ಎಲ್ಲಿದೆ ದೊಡ್ಡಪ್ಪ?" ಅಂದೆ. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ.

2025ರಲ್ಲಿ ನೊಬೆಲ್ ಪಡೆದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರ ಪ್ರಯೋಗ ನನಗಿಂತ ನಿನಗೇ ಚೆನ್ನಾಗಿ ಗೊತ್ತು. 1984-85ರ ಬರ್ಕ್ಲಿ, ಅಮೆರಿಕದ ವಿಶ್ವವಿದ್ಯಾಲಯ. ಆಗ ಮಾರ್ಟಿನಿಸ್ ಕೂಡ ನಿನ್ನ ಹಾಗೇ ಪಿಎಚ್‌ಡಿ ವಿದ್ಯಾರ್ಥಿ. ತೀರಾ ತಣ್ಣಗಾದಾಗ ಅಡ್ಡಿಯಿಲ್ಲದೆ ಕರೆಂಟ್ ಹರಿಸುವ ಎರಡು ಸೂಪರ್‌ಕಂಡಕ್ಟರ್, ನಡುವೆ ತೆಳ್ಳನೆಯ ಇನ್ಸುಲೇಟರ್ ಪದರ. ಇದೇ ಜಂಕ್ಷನ್. ಕರೆಂಟ್ ಹರಿಯುತ್ತದೆ, ವೋಲ್ಟೇಜ್ ಸೊನ್ನೆ. ಕಾಯುತ್ತಾ ಕೂತರೆ ಇದ್ದಕ್ಕಿದ್ದಂತೆ ವೋಲ್ಟೇಜ್ ಕಾಣಿಸುತ್ತದೆ. ಇದೇ ಜಿಗಿತ. ಟನಲಿಂಗ್ ಆಯಿತು, ಅಂದರೆ ಹತ್ತಿ ದಾಟುವಷ್ಟು ಶಕ್ತಿ ಇಲ್ಲದೆಯೂ ತಡೆಯನ್ನು ತೂರಿ ಆಚೆ ಬಂತು ಅಂತ ಅಷ್ಟಕ್ಕೇ ಕುಣಿಯಬಹುದಾ?

ನಮ್ಮ ಗದ್ದೆಯ ನೀರು ಪಕ್ಕದ ಗದ್ದೆಯಲ್ಲಿ ಕಂಡರೆ ನಿನ್ನ ತಾತ ಪವಾಡ ಅನ್ನುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಬದುವಿನ ಉದ್ದಕ್ಕೂ ಏಡಿ ಬಿಲ ಹುಡುಕುತ್ತಿದ್ದರು. ಸಿಕ್ಕ ಬಿಲಕ್ಕೆಲ್ಲ ಕೆಸರು ಮೆತ್ತಿ ತುಳಿಯುತ್ತಿದ್ದರು. ಒಂದು ಬಿಟ್ಟು ಬಂದದ್ದಕ್ಕೆ ನಾನು ಬೈಸಿಕೊಂಡಿದ್ದು ಜಾಸ್ತಿ, ಇರಲಿ.

ಆ ಮೂವರು ಮಾಡಿದ್ದೂ ಇದನ್ನೇ. ಟನಲಿಂಗ್ ಇಲ್ಲದೆಯೂ ಜಿಗಿತ ತರಬಲ್ಲ ದಾರಿಗಳನ್ನು ಒಂದೊಂದಾಗಿ ಮುಚ್ಚಿದರು. ವೈರಿನಲ್ಲಿ ಇಳಿದು ಬರುವ ಮೈಕ್ರೋವೇವ್ ಗದ್ದಲ ಒಂದು ಬಿಲ. ಅದಕ್ಕೆ ತಾಮ್ರದ ಪುಡಿ ತುಂಬಿದ ಫಿಲ್ಟರ್ ಹಾಕಿದರು. ಬಿಸಿ ಇನ್ನೊಂದು ಬಿಲ. ತಣ್ಣಗೆ ಮಾಡುತ್ತಾ ಹೋದರು. ಒಂದು ಹಂತದವರೆಗೆ ಜಿಗಿತ ಅಪರೂಪವಾಯಿತು, ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಅಷ್ಟೇ. ಅಂದರೆ ಬಿಸಿ ಕಾರಣವಲ್ಲ. ಆದರೆ ಉಳಿದ ಗದ್ದಲ ಕೂಡ ಹೀಗೇ ಕಾಣಬಹುದು, ಅಲ್ವಾ? ಅದಕ್ಕೆ ಕಾಂತಕ್ಷೇತ್ರ ಕೊಟ್ಟು ಅದೇ ಜಂಕ್ಷನ್ನಿನ ಕ್ರಿಟಿಕಲ್ ಕರೆಂಟ್, ಅಂದರೆ ವೋಲ್ಟೇಜ್ ಇಲ್ಲದೆ ಅದು ಹೊರಬಲ್ಲ ಗರಿಷ್ಠ ಕರೆಂಟ್ ಇಳಿಸಿದರು. ಹಾಗೆ ಮಾಡಿದರೆ ಟನಲಿಂಗ್ ಮೇಲುಗೈ ಪಡೆಯಲು ಇನ್ನೂ ಹೆಚ್ಚು ತಣ್ಣಗಾಗಬೇಕು. ಆಗ ಜಿಗಿತ ಕೊನೆಯವರೆಗೂ ಬಿಸಿಯ ಜೊತೆಗೇ ಇಳಿಯಿತು. ಗದ್ದಲ ಸೋರುತ್ತಿದ್ದರೆ ಇಲ್ಲೂ ಆ ಇಳಿಕೆ ನಿಂತುಬಿಡಬೇಕಿತ್ತು. ನನಗೆ ಇಡೀ ಪ್ರಯೋಗದಲ್ಲಿ ತುಂಬ ಇಷ್ಟವಾದ ಜಾಗ ಇದು. ಮೈಕ್ರೋವೇವ್ ಹಾಯಿಸಿ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿಯೇ ಇರುತ್ತದೆ ಅಂತ ತೋರಿಸಿದ್ದು ಇನ್ನೂ ದೊಡ್ಡದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ.

ನೀನು ಕೇಳಿದ ಫಿಸಿಕ್ಸ್ ಆ ಎಂಟು ತಿಂಗಳಲ್ಲೇ ಇದೆ, ಪುಟ್ಟಿ. ಒಂದೇ ಒಂದು ಮಾತು ಕೇಳು. ಅವಸರಕ್ಕೆ ಎರಡು ವೈರು ಒಟ್ಟಿಗೆ ಬದಲಾಯಿಸಬೇಡ. ಒಂದು ಬಿಲ ಮುಚ್ಚು, ನೀರು ನೋಡು, ನೋಟ್‌ಬುಕ್ಕಿನಲ್ಲಿ ಬರೆ, ಆಮೇಲೆ ಇನ್ನೊಂದಕ್ಕೆ ಹೋಗು. ಗೈಡ್ ಬೇಗ ಗ್ರಾಫ್ ಕೇಳಿದರೆ ಆ ನೋಟ್‌ಬುಕ್ಕನ್ನೇ ತೋರಿಸು.

ದೊಡ್ಡಮ್ಮ ಹುರಿಹಿಟ್ಟು ಕಟ್ಟಿಟ್ಟಿದ್ದಾಳೆ. ಮುಂದಿನ ಶನಿವಾರ ಬಾ. ಬರುವಾಗ ಆ ನೋಟ್‌ಬುಕ್ ತಾ, ನಾನೂ ನೋಡಬೇಕು.

ನಿನ್ನ ದೊಡ್ಡಪ್ಪ