ಗೆಳೆಯನಿಗೊಂದು ಪತ್ರ: ದೋಣಿಯಲ್ಲಿ ಪ್ರುನೆಲ್ಲಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಅಮ್ಮ ನನ್ನ ಹೆಸರನ್ನೇ ಮರೆತುಬಿಟ್ಟಳು ಕಣೋ" ಅಂದಾಗ ನನಗೆ ಮಾತೇ ಹೊರಡಲಿಲ್ಲ. ಸುಮ್ನೆ ಹೂಂ ಅಂದು ಫೋನ್ ಇಟ್ಟೆ. ಆ ರಾತ್ರಿ ಯಾಕೋ ಇಂಗ್ಲೆಂಡಿನ ನಟಿ ಪ್ರುನೆಲ್ಲಾ ಸ್ಕೇಲ್ಸ್ ತುಂಬಾ ನೆನಪಾದರು. ಅದಕ್ಕೇ ಈ ಪತ್ರ.

ಹಾಸ್ಟೆಲಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾ ನೋಡಿದ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್' ನೆನಪಿದೆ ಅಲ್ವಾ? ಅದರಲ್ಲಿ ಹೋಟೆಲ್ ಮಾಲೀಕನ ಹೆಂಡತಿ ಸಿಬಿಲ್ ಆಗಿದ್ದವರು ಇವರೇ. ಗೋಪುರದಂಥ ಕೂದಲು, ಕಿವಿಗೆ ಫೋನು, "ಗೊತ್ತು, ಗೊತ್ತು" ಅಂತ ಎಳೆಯುವ ರಾಗ. ಬಿಬಿಸಿಯಲ್ಲಿ 1975ರಲ್ಲಿ ಆರು ಕಂತು, 1979ರಲ್ಲಿ ಆರು. ಅಷ್ಟರಲ್ಲೇ ಪ್ರುನೆಲ್ಲಾ ಮನೆಮಾತಾದರು. ಸ್ಕ್ರಿಪ್ಟ್ ಓದಿ, ಅದನ್ನು ಬರೆದವರಲ್ಲೊಬ್ಬರೂ ಸಿಬಿಲ್ ಗಂಡನಾಗಿ ನಟಿಸಿದವರೂ ಆದ ಜಾನ್ ಕ್ಲೀಸ್ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಇವರಿಬ್ಬರೂ ಯಾಕೆ ಮದುವೆಯಾದರು? ಇದನ್ನು ಕೇಳಿಬಿಡುತ್ತೀರೇನೋ ಅಂತಲೇ ಕ್ಲೀಸ್‌ಗೆ ಭಯವಿತ್ತಂತೆ! ಆಮೇಲೆ ಸಿಬಿಲ್ ಎಂಥ ಮನೆಯಿಂದ ಬಂದವಳು ಅನ್ನುವುದನ್ನು ಇವರೇ ಯೋಚಿಸಿ ಪಾತ್ರ ಕಟ್ಟಿದರು. ನಗಿಸುವ ಪಾತ್ರಕ್ಕೂ ಅಷ್ಟು ಶ್ರದ್ಧೆ. ಮುಂದೆ ಎರಡನೇ ಎಲಿಜಬೆತ್ ರಾಣಿಯಾಗಿಯೂ ನಟಿಸಿದರು, ಮೊದಲು ನಾಟಕದಲ್ಲಿ, 1991ರಲ್ಲಿ ಟಿವಿಯಲ್ಲಿ.

ಗಂಡ ಟಿಮೊಥಿ ವೆಸ್ಟ್ ಕೂಡ ನಟ. 1963ರಲ್ಲಿ ಮದುವೆ, ಇಬ್ಬರು ಗಂಡುಮಕ್ಕಳು. ದೊಡ್ಡ ಮಗ ಸ್ಯಾಮ್ಯುಯೆಲ್ ಕೂಡ ನಟನೇ. ನಾಟಕ ತಂಡದ ಜೊತೆ ಊರೂರು ತಿರುಗುವಾಗ ಟಿಮೊಥಿ ಹೆಂಡತಿಗೆ ಬರೆದ ಕಾಗದಗಳು ಆಮೇಲೆ ಪುಸ್ತಕವಾಗಿಯೇ ಬಂದವು. ಆ ಮದುವೆ ಅರವತ್ತೊಂದು ವರ್ಷ ನಡೆಯಿತು.

ಈಗ ನಿನಗೆ ಹೇಳಬೇಕಿದ್ದ ಮಾತು. ನೆನಪು ಕೈಕೊಡುತ್ತಿದೆ ಅನ್ನುವುದು ಟಿಮೊಥಿಗೆ ಮೊದಲು ಗೊತ್ತಾಗಿದ್ದು ಹೆಂಡತಿ ವೇದಿಕೆ ಮೇಲೆ ತಡವರಿಸಿದಾಗ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಅವರನ್ನು ಯಾರೂ ಮೂಲೆಯಲ್ಲಿ ಕೂರಿಸಲಿಲ್ಲ. ಇಬ್ಬರಿಗೂ ಮೊದಲಿಂದ ಕಾಲುವೆ ದೋಣಿಯ ಹುಚ್ಚು. 2014ರಿಂದ ಚಾನೆಲ್ 4ರ ಕಾರ್ಯಕ್ರಮಕ್ಕಾಗಿ ಇಬ್ಬರೂ ಊರೂರಿನ ಕಾಲುವೆಗಳಲ್ಲಿ ತೇಲಿದರು. ದೋಣಿಯ ಹಿಂದೆ ನಿಂತು ಚುಕ್ಕಾಣಿ ಹಿಡಿಯುವುದು ಟಿಮೊಥಿ. ಹಗ್ಗ ಹಿಡಿದು ದಡಕ್ಕಿಳಿದು, ನೀರಿನ ಮಟ್ಟ ಏರಿಸಿ ಇಳಿಸುವ ಆ ದೊಡ್ಡ ಮರದ ಗೇಟುಗಳನ್ನು ಮೈಭಾರ ಹಾಕಿ ತಳ್ಳುವುದು ಪ್ರುನೆಲ್ಲಾ. ಆಗ ಅವರಿಗೆ ಎಂಬತ್ತು ದಾಟಿತ್ತು! ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಕೈಗೆ ಮಾತ್ರ ಕೆಲಸ ಗೊತ್ತಿತ್ತು. ಕಾಲುವೆಯಲ್ಲಿ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಕಣ್ಣೆದುರು ಬಂದದ್ದನ್ನು ಆಗಲೇ ಸವಿದರೆ ಸಾಕು ಅನ್ನುತ್ತಿದ್ದರು ಟಿಮೊಥಿ. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಕಷ್ಟ ಇರಲಿಲ್ಲ ಅಂತಲ್ಲ. ಹೆಂಡತಿ ಕಣ್ಣೆದುರೇ ಇದ್ದರೂ ಸ್ವಲ್ಪ ಸ್ವಲ್ಪವಾಗಿ ದೂರವಾಗುವುದನ್ನು ಅವರೂ ನೋಡಿದರು. 2024ರ ನವೆಂಬರಿನಲ್ಲಿ ಟಿಮೊಥಿ ಹೋದರು. ಮುಂದಿನ ವರ್ಷ ಅಕ್ಟೋಬರ್ 27ರಂದು, ಲಂಡನ್ನಿನ ತಮ್ಮ ಮನೆಯಲ್ಲೇ, ಪ್ರುನೆಲ್ಲಾ. ವಯಸ್ಸು 93. ಹಿಂದಿನ ದಿನ 'ಫಾಲ್ಟಿ ಟವರ್ಸ್' ನೋಡುತ್ತಿದ್ದರಂತೆ. ಅದನ್ನು ಓದಿ ಕಣ್ಣು ತುಂಬಿ ಬಂತು ಕಣೋ.

ನಿಮ್ಮ ಅಮ್ಮ ಮೊಗ್ಗಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ನಮ್ಮ ಜೊತೆ ಮಾತಾಡುತ್ತಲೇ ಮೊಳಗಟ್ಟಲೆ ದಂಡೆ ಕಟ್ಟುತ್ತಿದ್ದರಲ್ಲ, ಕೈ ಕಡೆ ನೋಡದೆ. ಈಗ ಕಟ್ಟಲು ಕೊಡುತ್ತೀಯಾ? ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮಲ್ಲಿಗೆ ಮೊಗ್ಗು ನಾನು ತರುತ್ತೇನೆ. ನೀನು ಬಾಳೆನಾರು ನೆನೆಸಿಡು.

ನಿನ್ನ ಗೆಳೆಯ