ರಷ್ಯಾದ ಕಜಾನಿನಲ್ಲಿರುವ ಸೋದರ ಸೊಸೆಗೆ

ಚಿ. ಅನಘಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ವೈದ್ಯಕೀಯ ಓದಿನ ನಡುವೆಯೂ ಪಕ್ಕದ ಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿರುವುದು ತಿಳಿದು ಬಹಳ ಸಂತೋಷವಾಯಿತು. ಎಷ್ಟು ತಿದ್ದಿದರೂ 'ಐ ಸ್ಟೂಡೆಂಟ್', 'ಮೈ ಫಾದರ್ ಡಾಕ್ಟರ್' ಎಂದೇ ಬರೆಯುತ್ತಾರೆಂದು ಬೇಸರಪಟ್ಟುಕೊಂಡಿದ್ದೀಯೆ. ಅವರ ಮೇಲೆ ಸಿಡುಕಬೇಡ, ಮಗಳೇ. ಅವರು ಬಿಡುತ್ತಿರುವುದು ಆಮ್, ಈಸ್, ಆರ್ ಎಂಬ 'ಇರು' ಅರ್ಥದ ಕ್ರಿಯಾಪದವನ್ನು; ರಷ್ಯನ್ ಭಾಷೆಯಲ್ಲಿ ವರ್ತಮಾನಕಾಲದಲ್ಲಿ ಅದನ್ನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದೇ ಇಲ್ಲ. 'ಆನ್ ವ್ರಾಚ್' ಎಂದರೆ ವಾಕ್ಯ ಮುಗಿಯಿತು. ನಾವೂ 'ಅವನು ವೈದ್ಯ' ಎಂದಷ್ಟೇ ಹೇಳುತ್ತೇವಲ್ಲ!

ಆಮ್, ಈಸ್, ಆರ್ ಪಟ್ಟಿಯನ್ನು ಉರು ಹೊಡೆಸುವುದನ್ನು ಸದ್ಯಕ್ಕೆ ಬಿಡು. ಭೂತಕಾಲದಿಂದ ಶುರು ಮಾಡು, ಏಕೆಂದರೆ ಅಲ್ಲಿ ಅವರ ಭಾಷೆಯಲ್ಲೂ ಆ ಪದ ಇದ್ದೇ ಇದೆ. 'ಆನ್ ದೋಮ' ಎಂದರೆ ಅವನು ಮನೆಯಲ್ಲಿದ್ದಾನೆ. ಅದನ್ನೇ ನಿನ್ನೆಯ ಮಾತಾಗಿಸಲು ಹೇಳು, 'ಆನ್ ಬಿಲ್ ದೋಮ' ಎನ್ನುತ್ತಾರೆ. ಹುಡುಗಿಯಾದರೆ 'ಬಿಲಾ'. ಹೀಗೆ 'ಬಿಲ್' ತಲೆಯೆತ್ತಿದ ಕಡೆ ಇಂಗ್ಲಿಷಿನ ಇಂದಿನ ವಾಕ್ಯಕ್ಕೆ ಆಮ್, ಈಸ್ ಅಥವಾ ಆರ್ ಬೇಕು. 'ನಾನು ಕಜಾನಿನಲ್ಲಿ ಕೆಲಸ ಮಾಡುತ್ತೇನೆ' ಎಂಬುದನ್ನು ನಿನ್ನೆಗೆ ತಿರುಗಿಸಿದರೆ ಬರುವುದು 'ಯಾ ರಬೋತಲ್' ಮಾತ್ರ, 'ಬಿಲ್' ಇಣುಕುವುದಿಲ್ಲ. ಹಾಗಾಗಿ 'ಐ ಆಮ್ ವರ್ಕ್' ತಪ್ಪು. ನೀನು ಬಾಯಿ ತೆರೆಯುವ ಮೊದಲೇ ಮಕ್ಕಳು ಇದನ್ನು ತಾವಾಗಿಯೇ ಪರೀಕ್ಷಿಸಿಕೊಳ್ಳಬಲ್ಲರು. ನನಗೆ ಈ ದಾರಿ ಮೆಚ್ಚುಗೆಯಾಗಿರುವುದು ಅದಕ್ಕಾಗಿಯೇ.

ಈ ಪರೀಕ್ಷೆ ಕೆಲವು ಕಡೆ ಕೈಕೊಡುತ್ತದೆ, ಎರಡನ್ನು ಹೇಳುತ್ತೇನೆ. ಒಪ್ಪಿಗೆ ಹೇಳಲು ರಷ್ಯನ್ನರು 'ಯಾ ಸಗ್ಲಾಸೆನ್' ಎನ್ನುತ್ತಾರೆ. ಅದು ಅವರಿಗೆ ಗುಣವಾಚಕ, ನಿನ್ನೆಗೆ ಹೊರಳಿಸಿದರೆ 'ಬಿಲ್' ಬಂದೇ ಬರುತ್ತದೆ. ಅದರಿಂದಲೇ 'ಐ ಆಮ್ ಅಗ್ರೀ' ಎಂಬ ತಪ್ಪು ಹುಟ್ಟುತ್ತದೆ, ಚೆನ್ನಾಗಿ ಓದಿಕೊಂಡ ದೊಡ್ಡವರ ಬಾಯಲ್ಲೂ ಅದು ಉಳಿದುಬಿಡುತ್ತದೆ. 'ಐ ಅಗ್ರೀ' ಎಂಬುದನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿಸು, ಕಾರಣವನ್ನೂ ತಿಳಿಸಿ ಹೇಳು. ಇನ್ನೊಂದು, 'ನನ್ನ ಹತ್ತಿರ ಕಾರು ಇತ್ತು' ಎನ್ನುವಾಗಲೂ ಅಲ್ಲಿ 'ಬಿಲಾ' ಬರುತ್ತದೆ, ಇಂಗ್ಲಿಷಿಗೆ ಬೇಕಾದದ್ದು ಹ್ಯಾವ್. ಅದನ್ನು ಈಗಲೇ ಬೆರೆಸಬೇಡ, ಮುಂದಿನ ತಿಂಗಳಿಗೆ ಇರಲಿ.

ವಯಸ್ಸು, ಚಳಿಯ ಮಾತು ಬಂದಾಗ ನಿನಗೆ ನಮ್ಮ ಕನ್ನಡವೇ ನೆರವಾಗುತ್ತದೆ. 'ನನಗೆ ಇಪ್ಪತ್ತು ವರ್ಷ', 'ನನಗೆ ಚಳಿ' ಎಂದು ನಾವು ಚತುರ್ಥಿಯಲ್ಲಿ ಹೇಳುವ ಹಾಗೆಯೇ ಅವರೂ 'ಮ್ನ್ಯೆ' ಎಂದು ಆರಂಭಿಸುತ್ತಾರೆ. ಆ 'ನನಗೆ' ಇಂಗ್ಲಿಷಿನಲ್ಲಿ 'ನಾನು' ಆಗಬೇಕೆಂಬುದನ್ನು ನಿನ್ನಷ್ಟು ಸುಲಭವಾಗಿ ಇಂಗ್ಲೆಂಡಿನ ಮೇಷ್ಟರೂ ವಿವರಿಸಲಾರರು.

ಓದಿಸುವಾಗ 'ಐ ಆಮ್' ಎಂದು ಬಿಡಿಬಿಡಿಯಾಗಿ ಬೇಡ, 'ಐಮ್', 'ಹೀಸ್' ಎಂದು ಸೇರಿಸಿಯೇ ಹೇಳಿಸು. ಮಾತಿನ ಓಟದಲ್ಲಿ ಆ ಸಣ್ಣ ಧ್ವನಿ ಅವರ ಕಿವಿಗೆ ಬೀಳದೆ ಹೋಗುತ್ತದೆ, ಕಿವಿಗೆ ಬೀಳದ್ದು ಬರವಣಿಗೆಯಲ್ಲೂ ತಪ್ಪುತ್ತದೆ. ಮಕ್ಕಳ ನೋಟ್‌ಬುಕ್ಕಿನ ಒಂದೆರಡು ಪುಟಗಳ ಫೋಟೊ ತೆಗೆದು ಕಳುಹಿಸು, ನೋಡಿ ಬರೆಯುತ್ತೇನೆ.

ಇತಿ ನಿನ್ನ ಮಾವ