ಇನ್ನು ಮುಂದೆ ಕ್ಯಾಮೆಲಿಯಾ ಗಿಡಗಳನ್ನು ಹೂವಿಲ್ಲದೆ ಕೊಡುತ್ತೇವೆ

ಮಾನ್ಯ ಗ್ರಾಹಕರೇ,

ಈ ಹಂಗಾಮಿನಿಂದ ನಮ್ಮ ಸಹಕಾರಿ ನರ್ಸರಿಯಲ್ಲಿ ಹೂ ಬಿಟ್ಟ ಕ್ಯಾಮೆಲಿಯಾ ಗಿಡಗಳು ಸಿಗುವುದಿಲ್ಲ. ಬಣ್ಣ ಕಾಣತೊಡಗಿದ ಮೊಗ್ಗಿದ್ದರೆ ಅದನ್ನೂ ಚಿವುಟಿಯೇ ಗಿಡ ಕೊಡುತ್ತೇವೆ. ಹೂವಿನ ಕಾಲ ಮುಗಿದು ಹೊಸ ಚಿಗುರೊಡೆಯುವ ಮುಂಚಿನ ವಾರಗಳೇ ಇನ್ನು ನಮ್ಮ ಮುಖ್ಯ ಮಾರಾಟದ ಸಮಯ. ಕುಂಡದಲ್ಲಿ ಅರಳಿ ನಿಂತ ಹೂವನ್ನು ಕಣ್ಣಾರೆ ಕಂಡು ಗಿಡ ಆರಿಸಿಕೊಳ್ಳುವುದು ನಿಮ್ಮಲ್ಲಿ ಅನೇಕರಿಗೆ ಇಷ್ಟ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಕಾರಣ, ಎಸಳು ಕೊಳೆಸುವ ಒಂದು ರೋಗ. ಸಿಬೊರಿನಿಯಾ ಕ್ಯಾಮೆಲಿಯೇ ಎಂಬ ಶಿಲೀಂಧ್ರ ಇದನ್ನು ತರುತ್ತದೆ. 1919ರಲ್ಲಿ ಜಪಾನಿನಲ್ಲಿ ದಾಖಲಾದ ಈ ರೋಗ 1938ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1993ರಲ್ಲಿ ನ್ಯೂಜಿಲೆಂಡಿನಲ್ಲಿ ಕಾಣಿಸಿಕೊಂಡಿತು. ಎಲೆ, ಕಾಂಡ, ಬೇರುಗಳನ್ನು ಅದು ಮುಟ್ಟುವುದಿಲ್ಲ. ಗಿಡ ಹಸಿರಾಗಿ ಸೊಂಪಾಗಿಯೇ ಇರುತ್ತದೆ. ಹಾಳಾಗುವುದು ಹೂ ಮಾತ್ರ. ಎಸಳಿನ ಮೇಲೆ ಸಣ್ಣ ಕಂದು ಚುಕ್ಕೆ ಮೂಡಿ, ನರಗಳ ಗುಂಟ ಹರಡಿ, ಕೆಲವೇ ದಿನಗಳಲ್ಲಿ ಇಡೀ ಹೂ ಕಂದಾಗುತ್ತದೆ. ಇಬ್ಬನಿ ಹೆಪ್ಪುಗಟ್ಟಿದಾಗಲೂ ಹೂ ಕಂದಾಗುವುದುಂಟು. ಅನುಮಾನ ಬಂದರೆ ಬಿದ್ದ ಹೂವನ್ನು ಬೋರಲು ಮಾಡಿ ತೊಟ್ಟಿನ ಸುತ್ತಲ ಪುಟ್ಟ ಹಸಿರೆಸಳುಗಳನ್ನು ಬಿಡಿಸಿ ನೋಡಿ. ಅಲ್ಲಿ ಬಿಳಿ ಅಥವಾ ಬೂದು ಬಣ್ಣದ ಬೂಷ್ಟಿನ ಉಂಗುರ ಕಂಡರೆ ಅದು ಈ ರೋಗವೇ.

ನಮ್ಮನ್ನು ಹೆಚ್ಚು ಕಾಡಿದ್ದು ಮುಂದಿನ ಭಾಗ. ನೆಲಕ್ಕೆ ಬಿದ್ದ ಹೂವಿನ ಬುಡದಲ್ಲಿ ಶಿಲೀಂಧ್ರ ಕಪ್ಪು ಗಟ್ಟಿ ಗಂಟಾಗಿ ಮಣ್ಣು ಸೇರುತ್ತದೆ, ವರ್ಷಗಟ್ಟಲೆ ಅಲ್ಲೇ ಜೀವ ಹಿಡಿದಿರುತ್ತದೆ. ಮತ್ತೆ ಹೂವಿನ ಕಾಲ ಬಂದಾಗ ಅದರಿಂದ ಬಟ್ಟಲಿನಾಕಾರದ ಸಣ್ಣ ಅಣಬೆ ಎದ್ದು, ಬೀಜಕಣಗಳನ್ನು ಗಾಳಿಗೆ ತೂರುತ್ತದೆ. ತೋಟಕ್ಕೆ ಒಮ್ಮೆ ಹೊಕ್ಕರೆ ಪೂರ್ತಿ ತೊಲಗಿಸುವ ಔಷಧಿ ಇಲ್ಲ. ಇಂದು ಚೊಕ್ಕವಾಗಿ ಕಾಣುವ ಹೂವಿನೊಳಗೇ ಸೋಂಕು ಅಡಗಿರಬಹುದು. ಹೀಗಿರುವಾಗ ಅರಳಿದ ಗಿಡ ಕೊಟ್ಟು ‘ರೋಗವಿಲ್ಲ’ ಎಂದು ಭರವಸೆ ನೀಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ತಾಯಿಗಿಡಗಳಲ್ಲಿ ಈ ರೋಗ ಕಂಡಿಲ್ಲ. ಕಾಣುವ ಮೊದಲೇ ದಾರಿ ಮುಚ್ಚಬೇಕೆಂದು ಸದಸ್ಯರೆಲ್ಲ ಸೇರಿ ನಿರ್ಧರಿಸಿದ್ದೇವೆ. ಮೊಗ್ಗು ತೆಗೆಯುವುದರ ಜೊತೆಗೆ ಕುಂಡದ ಮೇಲ್ಪದರದ ಮಣ್ಣನ್ನೂ ಬದಲಿಸಿಯೇ ಗಿಡ ಕಳಿಸುತ್ತೇವೆ.

ಗಿಡಕ್ಕೂ ಇದರಿಂದ ಒಳ್ಳೆಯದೇ. ಮೊಗ್ಗು ತುಂಬಿದ ಗಿಡವನ್ನು ಜಾಗ ಬದಲಿಸಿದರೆ, ಅದರಲ್ಲೂ ಬೇರಿನ ಮುದ್ದೆ ಒಮ್ಮೆ ಒಣಗಿದರೆ, ಮೊಗ್ಗುಗಳು ಅರಳದೆಯೇ ಉದುರುತ್ತವೆ. ಹೂ ಮುಗಿದ ಮೇಲೆ ನೆಟ್ಟರೆ ಗಿಡದ ಶಕ್ತಿ ಬೇರಿಗೆ, ಚಿಗುರಿಗೆ ಹೋಗುತ್ತದೆ. ಮುಂದಿನ ಸಲದ ಮೊಗ್ಗು ಕಟ್ಟುವುದು ಆ ಚಿಗುರು ಬಲಿತ ಮೇಲೆ. ಆಗ ನೀರಿಗೆ ಕೊರತೆ ಮಾಡಬೇಡಿ.

ಬಣ್ಣ ಆರಿಸುವುದು ಹೇಗೆ ಎಂದು ಕೇಳುವಿರಿ. ಹೂವಿನ ಕಾಲದಲ್ಲಿ ತಾಯಿಗಿಡಗಳನ್ನು ನೋಡಲು ಬನ್ನಿ, ಮೆಚ್ಚಿದ ತಳಿಯ ಹೆಸರು ಬರೆಸಿ ಹೋಗಿ. ನಮ್ಮ ಸಸಿಗಳೆಲ್ಲ ಕಡ್ಡಿ ನೆಟ್ಟು ಬೆಳೆಸಿದವು. ಬೀಜದ ಸಸಿಯಂತೆ ಬೇರೆ ಹೂ ಬಿಡುವುದಿಲ್ಲ, ತಾಯಿಯ ಬಣ್ಣವೇ ಬರುತ್ತದೆ. ನೋಡಲು ಬಂದವರು ದಯವಿಟ್ಟು ಹೂ ಕಿತ್ತು ಒಯ್ಯಬೇಡಿ, ಬೇರೆ ತೋಟದ ಕ್ಯಾಮೆಲಿಯಾ ಹೂವನ್ನು ಇಲ್ಲಿಗೆ ತರಲೂಬೇಡಿ.

ನೆಡುವಾಗ ಎರಡು ವಿಷಯ ಮರೆಯಬಾರದು. ಬೇರಿನ ಮುದ್ದೆಯ ಮೇಲ್ಭಾಗ ನೆಲದ ಮಟ್ಟಕ್ಕಿಂತ ಕೆಳಗಿಳಿಯಬಾರದು, ಈ ಗಿಡದ ಬೇರು ಮೇಲುಮೇಲೇ ಹರಡುತ್ತದೆ. ಮಣ್ಣು ಹುಳಿಯಾಗಿರಬೇಕು, ಪಿಎಚ್ 5.5ರಿಂದ 6.5ರೊಳಗೆ. ಗಡಸು ನೀರು ಉಣಿಸುತ್ತಾ ಹೋದರೆ ನರಗಳು ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಈಗಾಗಲೇ ಕ್ಯಾಮೆಲಿಯಾ ಬೆಳೆಸಿರುವವರು ಉದುರಿದ ಹೂಗಳನ್ನು ಆಗಿಂದಾಗ್ಗೆ ಹೆಕ್ಕಿ ತೆಗೆಯಿರಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.

ಹೂ ಬಿಟ್ಟ ಗಿಡಕ್ಕೆಂದು ಈಗಾಗಲೇ ಮುಂಗಡ ಕೊಟ್ಟವರು ಅದೇ ತಳಿಯನ್ನು ಹೂ ಮುಗಿದ ಮೇಲೆ ಪಡೆಯಬಹುದು. ಬೇಡವೆಂದರೆ ಪೂರ್ತಿ ಹಣ ಹಿಂತಿರುಗಿಸುತ್ತೇವೆ. ಯಾವುದು ಬೇಕೆಂದು ಈ ಪತ್ರಕ್ಕೆ ಉತ್ತರಿಸಿ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ನರ್ಸರಿಯ ಸದಸ್ಯರು